ಐದನೆಯ ಕೋಲು

ಲಾ ರೊಸೆಲಿಯೇರ್
ಭಾನುವಾರ, ಮೇ ೨೬, ೨೦೨೪

ಆನ್ಸೆಲ್ಮ್,

‘ಪ್ರಿಯ’ ಅಂತ ಬರೆದು ಎರಡು ಹಾಳೆ ಹರಿದೆ. ಆ ಪದ ಬರೆಯುವ ಹಕ್ಕು ನನಗಿದೆಯೋ ಇಲ್ಲವೋ ನೀನೇ ಓದಿ ತೀರ್ಮಾನಿಸು. ಸದ್ಯಕ್ಕೆ ಬರೀ ಹೆಸರು ಸಾಕು.

ನೀನು ಹೋದ ಈ ಆರು ವರ್ಷದಲ್ಲಿ ನಾನು ನಿನಗೆ ಕಳಿಸಿದ್ದು ಎರಡೇ ಕಾಗದ. ಒಂದು, ಇಲ್ಲಿಗೆ ಬಂದಿದ್ದ ನಿನ್ನ ತೆರಿಗೆಯ ನೋಟೀಸು. ಇನ್ನೊಂದು, ನಿನ್ನ ಚಿಕ್ಕಮ್ಮ ತೀರಿಕೊಂಡ ಸುದ್ದಿ. ಹಾಗಾಗಿ ಲಕೋಟೆ ನೋಡಿದ ಕೂಡಲೇ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ನೀನಿರುವ ಸೇಂತ್-ವಾಸ್ತ್ ಇಲ್ಲಿಂದ ಮುಕ್ಕಾಲು ಗಂಟೆಯ ದಾರಿ, ಬಂದು ಮುಖ ನೋಡಿ ಹೇಳಬಹುದಿತ್ತಲ್ಲ ಅನ್ನುತ್ತೀಯ. ನಿನ್ನ ಮುಖ ನೋಡಿದರೆ ನನಗೆ ಜಗಳ ಬರುತ್ತದೆ, ನಿಜ ಬರುವುದಿಲ್ಲ. ಅದಕ್ಕೇ ಪತ್ರ.

ಸಂತೆಗೆ ಸಿಂಪಿ ತರುವ ಹೆಂಗಸು ನಿನ್ನ ವಿಚಾರ ಹೇಳುತ್ತಿರುತ್ತಾಳೆ. ಬೆಳಿಗ್ಗೆ ಸಮುದ್ರ ಇಳಿದಾಗ ಎಲ್ಲರಿಗಿಂತ ಮುಂಚೆ ಕೆಸರಿಗೆ ಇಳಿಯುವವನು ನೀನಂತೆ, ಕೊನೆಗೆ ಮೇಲೆ ಬರುವವನೂ ನೀನಂತೆ. ‘ನಿಮ್ಮ ಯಜಮಾನ್ರು ಮಾತಾಡೋದೇ ಇಲ್ಲ, ಸಿಂಪಿನೇ ವಾಸಿ, ಆಗಾಗ ಬಾಯಿ ಬಿಡುತ್ತೆ’ ಅಂದಳು. ನಾನು ನಕ್ಕೆ. ಆಮೇಲೆ ಗಾಡಿಯಲ್ಲಿ ಕೂತು ಅತ್ತೆ. ಮೂವತ್ತು ವರ್ಷ ಮಣ್ಣುಗೋಡೆ ಕಟ್ಟಿದ ಕೈ ಸಿಂಪಿಯ ಮೂಟೆ ಹೊರುತ್ತಿದೆಯಲ್ಲ ಎಂದು ಅತ್ತೆ. ಹಾಗೆ ಆಗುವಂತೆ ಮಾಡಿದವಳು ನಾನು.

ಹೇಳಬೇಕಾದ್ದು ಶಾಲೆಯ ಗೋಡೆಯ ಬಗ್ಗೆ. ಇದರಲ್ಲಿ ಅರ್ಧ ನಿನಗೆ ಗೊತ್ತಿರುವುದೇ. ಆದರೂ ಮೊದಲಿನಿಂದ ಬರೆಯುತ್ತೇನೆ, ಬೇಸರಪಡಬೇಡ. ಜೂನ್ ಹದಿನಾಲ್ಕಕ್ಕೆ ಕಾನ್ ನಗರದಲ್ಲಿ ಮಣ್ಣುಗೋಡೆ ಮೇಸ್ತ್ರಿಗಳ ಸಭೆಯಿದೆ. ಅಲ್ಲಿ ಇದನ್ನೆಲ್ಲ ಎದ್ದುನಿಂತು ಹೇಳಬೇಕು. ಮೊದಲು ನಿನ್ನ ಮುಂದೆ ಹೇಳಿ ನಾಲಿಗೆ ತಿದ್ದಿಕೊಳ್ಳುತ್ತಿದ್ದೇನೆ.

ನಮ್ಮ ಅಡುಗೆಮನೆಯ ಬೆಣ್ಣೆ ಪರೀಕ್ಷೆ ನೆನಪಿದೆಯಾ? ಒಲೆಯ ಕಬ್ಬಿಣದ ತಟ್ಟೆಯ ಮೇಲೆ ಎರಡು ಮಣ್ಣಿನ ಹೆಂಟೆ ಇಡುತ್ತಿದ್ದೆ. ಒಂದು, ನಿಮ್ಮಪ್ಪ ಕಟ್ಟುತ್ತಿದ್ದ ಗಟ್ಟಿ ಮಣ್ಣಿನದು. ಇನ್ನೊಂದು ನನ್ನದು, ಜೌಗಿನ ಜೊಂಡನ್ನು ಬೆರಳುದ್ದ ಕತ್ತರಿಸಿ, ತೆಳ್ಳಗೆ ಕಲಸಿದ ಮಣ್ಣಿನ ಗಂಜಿಯಲ್ಲಿ ಅದ್ದಿ, ಚಪ್ಪಲಿ ಡಬ್ಬಿಯಲ್ಲಿ ತುಂಬಿ ಒಣಗಿಸಿದ್ದು. ಎರಡರ ತಲೆಯ ಮೇಲೂ ಒಂದೊಂದು ತುಂಡು ಬೆಣ್ಣೆ ಇಟ್ಟು ಚರ್ಚಿಗೆ ಹೋಗುತ್ತಿದ್ದೆವು. ಬಂದು ನೋಡಿದರೆ ನಿಮ್ಮಪ್ಪನ ಮಣ್ಣಿನ ಮೇಲಿನ ಬೆಣ್ಣೆ ಎಣ್ಣೆಯಾಗಿ ಹರಿದಿರುತ್ತಿತ್ತು. ನನ್ನದರ ಮೇಲಿನದು ಇಟ್ಟ ಹಾಗೇ ಇರುತ್ತಿತ್ತು. ಗಟ್ಟಿ ಮಣ್ಣು ಬಿಸಿಯನ್ನು ಹೊತ್ತುಕೊಳ್ಳುತ್ತದೆ, ಆದರೆ ತಡೆಯುವುದಿಲ್ಲ. ತಡೆಯುವುದು ಗಾಳಿ, ಜೊಂಡಿನ ಕೊಳವೆಯೊಳಗೆ ಸಿಕ್ಕಿಬಿದ್ದ ಗಾಳಿ. ಇದನ್ನು ಕಂಡುಕೊಳ್ಳಲು ನನಗೆ ನಾಲ್ಕು ಚಳಿಗಾಲ ಬೇಕಾಯಿತು. ನೀನು ಆ ಬೆಣ್ಣೆಯನ್ನು ಬ್ರೆಡ್ಡಿಗೆ ಸವರಿ ತಿನ್ನುತ್ತ, ‘ಸಂಶೋಧನೆ ಚೆನ್ನಾಗಿದೆ ಕಣೇ, ಉಪ್ಪು ಸ್ವಲ್ಪ ಕಮ್ಮಿ’ ಎಂದೆ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿಲ್ಲ.

ಆದರೆ ಶಾಲೆಯ ವಿಷಯ ಬಂದಾಗ ನೀನು ನನ್ನ ಪಕ್ಕ ನಿಂತೆ. ಅದನ್ನು ಮರೆತಿಲ್ಲ. ಇನ್ನೂರು ವರ್ಷದ ಮಣ್ಣುಗೋಡೆಯ ಶಾಲೆ, ಚಳಿಗಾಲದಲ್ಲಿ ಮಕ್ಕಳು ಕೈಗವಸು ಹಾಕಿಕೊಂಡು ಅಕ್ಷರ ಬರೆಯುತ್ತಿದ್ದವು. ಕಟ್ಟಡದ ಶಾಖ ಉಳಿಸುವ ಕಾನೂನಿನ ಪ್ರಕಾರ ಗೋಡೆಗೆ ಏನಾದರೂ ಹೊದಿಸಲೇಬೇಕಿತ್ತು. ಮೇಯರ್ ಥರ್ಮೋಕೋಲ್ ಹಲಗೆ ಅಂಟಿಸಿ ಸಿಮೆಂಟ್ ಬಳಿಸಲು ಹೊರಟಿದ್ದ. ನೀನು ಅವನ ಮೇಜಿನ ಮೇಲೆ ಕೈಯೂರಿ, ‘ಮಣ್ಣುಗೋಡೆಗೆ ಸಿಮೆಂಟ್ ಬಳಿಯೋದೂ ಒಂದೇ, ಮೂಗು ಬಾಯಿ ಮುಚ್ಚೋದೂ ಒಂದೇ. ಉಸಿರಾಡ್ದಿದ್ರೆ ಒಳಗೇ ಬೆವತು ಒಂದಿನ ಕುಸಿಯುತ್ತೆ. ನನ್ನ ಹೆಂಡ್ತಿ ಹತ್ರ ಬೇರೆ ದಾರಿ ಇದೆ’ ಎಂದೆ. ‘ನನ್ನ ಹೆಂಡ್ತಿ ಹತ್ರ’ ಎನ್ನುವಾಗ ನಿನ್ನ ಧ್ವನಿಯಲ್ಲಿದ್ದ ಜಂಬ ನನಗೆ ಕೇಳಿಸಿತ್ತು. ಆ ಜಂಬಕ್ಕೆ ನಾನು ಕೊಟ್ಟ ಪ್ರತಿಫಲ ನೋಡು.

ಆ ಬೇಸಿಗೆ ಮಳೆ ಬಿಡಲಿಲ್ಲ. ರಜೆ ಶುರುವಾದ ದಿನವೇ ಕೆಲಸ ಹಿಡಿದರೂ, ಒಳಗೋಡೆಗೆ ಹಲಗೆಯ ಅಚ್ಚು ಕಟ್ಟಿ, ಒಂದು ಗೇಣು ದಪ್ಪ ಜೊಂಡುಮಣ್ಣು ತುಂಬಿ, ಕೊನೆಯ ಹಲಗೆ ಬಿಚ್ಚುವಷ್ಟರಲ್ಲಿ ಆಗಸ್ಟ್ ಮುಗಿಯಿತು. ಗಂಜಿಯ ತೊಟ್ಟಿ ನಿನ್ನದು. ಕೈ ಅದ್ದಿ ತೆಗೆದರೆ ಚರ್ಮದ ಗೆರೆ ಮುಚ್ಚಬೇಕು, ಉಗುರಿನ ಬಣ್ಣ ಕಾಣಬೇಕು. ಅದು ನಿನ್ನ ಅಳತೆ, ಒಂದು ತೊಟ್ಟಿಯಲ್ಲೂ ನೀನು ಆ ಅಳತೆ ತಪ್ಪಲಿಲ್ಲ. ಇದನ್ನು ಸಭೆಯಲ್ಲಿ ಎಲ್ಲಕ್ಕಿಂತ ಮೊದಲು ಹೇಳುತ್ತೇನೆ.

ತುಂಬುವಾಗಲೇ ನೀನು ಎಂಟು ಕಡೆ ಹೇಜಲ್ ಗಿಡದ ಕೋಲು ಚುಚ್ಚಿಟ್ಟೆ. ತುದಿ ಹಿಂದಿನ ಹಳೆಗೋಡೆಗೆ ತಾಗುವ ಹಾಗೆ, ಹಿಡಿ ನಾಲ್ಕು ಬೆರಳು ಹೊರಗೆ. ಮೊದಲನೆಯದಕ್ಕೆ ಒಂದು ಗೀಟು, ಎಂಟನೆಯದಕ್ಕೆ ಎಂಟು, ಚಾಕುವಿನಲ್ಲಿ ಕೆತ್ತಿದ್ದೆ. ನಿಮ್ಮಪ್ಪನ ಕಾಲದ ಪದ್ಧತಿ. ಕೋಲು ಎಳೆದು ತುದಿಯನ್ನು ತುಟಿಗೆ ಹಿಡಿಯಬೇಕು. ತಣ್ಣಗಿದ್ದರೆ ಗೋಡೆ ಹಸಿ, ಗಾರೆ ಬಳಿಯಬಾರದು. ‘ಕೈ ಸುಳ್ಳು ಹೇಳುತ್ತೆ, ಕಣ್ಣೂ ಹೇಳುತ್ತೆ, ತುಟಿ ಹೇಳಲ್ಲ’ ಎನ್ನುತ್ತಿದ್ದರು ನಿಮ್ಮಪ್ಪ. ಅವರ ತುಟಿಯ ತೀರ್ಮಾನವನ್ನು ಈ ಜೌಗಿನ ಹತ್ತು ಊರಲ್ಲಿ ಯಾರೂ ಪ್ರಶ್ನಿಸುತ್ತಿರಲಿಲ್ಲ. ಅವರ ನಂತರ ನಿನ್ನದನ್ನು.

ಹಲಗೆ ಬಿಚ್ಚಿದ ಶನಿವಾರ ಮೇಯರ್‌ನ ಕಣಜದಲ್ಲಿ ಕೆಲಸದವರಿಗೆಲ್ಲ ಊಟ. ಸೇಬಿನ ಮದ್ಯ, ದಾಲ್ಚಿನ್ನಿ ಹಾಕಿ ಇಡೀ ದಿನ ಬೇಯಿಸಿದ ಅಕ್ಕಿ ಪಾಯಸ. ನೀನು ಎದ್ದುನಿಂತು, ‘ನನ್ನ ಹೆಂಡ್ತಿ ಶಾಲೆಗೊಂದು ಸ್ವೆಟರ್ ಹೆಣೆದಿದ್ದಾಳೆ. ಒಗೆದಿರೋ ಸ್ವೆಟರ್ ಒದ್ದೆ ಇರುವಾಗಲೇ ಮಕ್ಕಳಿಗೆ ತೊಡಿಸಿಬಿಟ್ಟೀರ ಮತ್ತೆ! ಈಸ್ಟರ್‌ಗೆ ಒಣಗಿದ್ರೆ ಪುಣ್ಯ’ ಎಂದೆ. ಎಲ್ಲರೂ ಮೇಜು ಬಡಿದು ನಕ್ಕರು. ‘ನವೆಂಬರ್‌ನಲ್ಲಿ ಬರೋ ಸೇಂಟ್ ಮಾರ್ಟಿನ್ ಹಬ್ಬಕ್ಕೇ ಒಣಗಿಸಿ ತೋರಿಸ್ತೀನಿ, ನಿನ್ನ ತುಟಿ ರೆಡಿ ಇಟ್ಕೋ’ ಎಂದೆ ನಾನು. ಇನ್ನೂ ಜೋರಾಗಿ ನಕ್ಕರು. ಅದು ತಮಾಷೆಯ ಊಟ, ಅದರ ಬಗ್ಗೆ ಹೆಚ್ಚು ಬರೆಯುವುದೇನಿಲ್ಲ.

ನವೆಂಬರ್ ಬಂತು. ಮಕ್ಕಳು ಊರಿನ ಸಮುದಾಯ ಭವನದಲ್ಲಿ ಪಾಠ ಕೇಳುತ್ತಿದ್ದರು, ಆ ತಗಡಿನ ಭವನ ಶಾಲೆಗಿಂತ ತಣ್ಣಗಿತ್ತು. ಟೀಚರ್ ಕ್ಲೋತಿಲ್ಡ್ ನನ್ನನ್ನು ಸಂತೆಯಲ್ಲಿ ಹಿಡಿದು ನಿಲ್ಲಿಸಿ, ‘ಡಿಸೆಂಬರ್ ಒಳಗೆ ಶಾಲೆ ತೆರೀದಿದ್ರೆ ಮಕ್ಕಳನ್ನ ಬಸ್ಸಲ್ಲಿ ಕಾರಾಂತಾನ್‌ಗೆ ಕಳಿಸ್ತಾರಂತೆ ಮೇಡಂ. ಒಂದ್ಸಲ ಹೋದ್ರೆ ವಾಪಸ್ ಬರಲ್ಲ, ಶಾಲೆ ಮುಚ್ಚಿದ ಹಾಗೇ’ ಎಂದಳು. ಆಕೆಯ ಕೈಯಲ್ಲಿ ಅವಳ ತರಗತಿಯ ಪುಟ್ಟ ಪೆರೀನ್‌ಳ ಕೈ ಇತ್ತು. ಆ ಮಗುವಿನ ಬೆರಳುಗಳು ನೀಲಿಗಟ್ಟಿದ್ದವು. ಅದನ್ನು ನೋಡಿ ಮನೆಗೆ ಬಂದೆ.

ಒಂಬತ್ತನೆಯ ತಾರೀಕು ಬೆಳಿಗ್ಗೆ ಮೇಯರ್, ಟೀಚರ್ ಎಲ್ಲರೆದುರು ನೀನು ಕೋಲು ಎಳೆಯುವುದೆಂದು ನಿಶ್ಚಯವಾಗಿತ್ತು. ಉತ್ತರದ ಗೋಡೆಯದು, ಐದನೆಯದು. ಅಲ್ಲಿ ಬಿಸಿಲು ಬೀಳುವುದಿಲ್ಲ. ಅದೊಂದು ಒಣಗಿದ್ದರೆ ಉಳಿದವೆಲ್ಲ ಒಣಗಿದ ಹಾಗೆ. ನೀನು ಮೇಯರ್‌ನನ್ನು ಕರೆತರಲು ಹೋದೆ. ನಾನು ಶಾಲೆಯ ಬೀಗ ತೆಗೆದು ಒಳಗೆ ಹೋದೆ. ಆ ಅರ್ಧ ಗಂಟೆಯ ವಿಷಯವನ್ನು ನಿನ್ನೆಯವರೆಗೆ ಯಾರಿಗೂ ಹೇಳಿರಲಿಲ್ಲ, ಪಾಪನಿವೇದನೆಯ ಗೂಡಿನಲ್ಲಿ ಪಾದ್ರಿಗೂ ಹೇಳಿಲ್ಲ.

ನಾನು ಐದನೆಯ ಕೋಲು ಎಳೆದೆ. ತುದಿ ಕಪ್ಪಾಗಿತ್ತು. ತುಟಿಗೆ ಹಿಡಿದೆ. ಬಾವಿಯಿಂದ ಎತ್ತಿದಷ್ಟು ತಣ್ಣಗಿತ್ತು, ಆನ್ಸೆಲ್ಮ್. ಅದು ಹಸಿ ಎಂದು ಹೇಳಲು ನಿಮ್ಮಪ್ಪ ಬೇಕಿರಲಿಲ್ಲ, ನೀನೂ ಬೇಕಿರಲಿಲ್ಲ.

ಕೋಲು ಕಡಿದಾಗ ಉಳಿದಿದ್ದ ಒಂದನ್ನು ನಾನು ಮನೆಯಿಂದಲೇ ತಂದಿದ್ದೆ. ಸೌದೆ ಕೊಟ್ಟಿಗೆಯ ಅಟ್ಟದಲ್ಲಿ ಬೇಸಿಗೆಯಿಡೀ ಒಣಗಿದ್ದು. ತಂದಿದ್ದೆ ಎಂದರೆ, ಮೊದಲೇ ಯೋಚಿಸಿ ತಂದಿದ್ದೆ ಎಂದೇ ಅರ್ಥ. ಅದಕ್ಕೆ ಐದು ಗೀಟು ಹಾಕಿದೆ, ಮಣ್ಣು ಉಜ್ಜಿದೆ, ಅದೇ ತೂತಿಗೆ ತೂರಿಸಿದೆ. ಹಸಿಕೋಲನ್ನು ಕೋಟಿನ ಒಳಗೆ ಅಡಗಿಸಿಕೊಂಡೆ. ನೀವೆಲ್ಲ ಬರುವಾಗ ನಾನು ಕಿಟಕಿ ಒರೆಸುತ್ತ ನಿಂತಿದ್ದೆ.

ನೀನು ಕೋಲು ಎಳೆದೆ. ತುಟಿಗೆ ಹಿಡಿದೆ. ಹಿಡಿಯ ಗೀಟುಗಳ ಮೇಲೆ ಹೆಬ್ಬೆರಳು ಆಡಿಸಿದೆ, ಒಂದು ಸಲ, ಮತ್ತೊಂದು ಸಲ. ಎಷ್ಟು ಹೊತ್ತು ಮಾಡಿದೆಯೆಂದರೆ ಮೇಯರ್ ಕೆಮ್ಮಿದ. ಆಮೇಲೆ ನನ್ನ ಕಡೆ ನೋಡಿದೆ. ನಾನು ಬಟ್ಟೆ ಹಿಂಡುತ್ತಿದ್ದೆ. ‘ಒಣಗಿದೆ. ಗಾರೆ ಹಾಕಿ’ ಎಂದೆ ನೀನು. ಕೋಲನ್ನು ಮೇಯರ್‌ಗೆ ತೋರಿಸದೆ ಜೇಬಿಗೆ ಸೇರಿಸಿಕೊಂಡೆ.

ಮುಂದಿನದು ಊರಿಗೇ ಗೊತ್ತು. ಸುಣ್ಣದ ಗಾರೆ ಬಳಿದೆವು, ಡಿಸೆಂಬರ್ ನಾಲ್ಕಕ್ಕೆ ಮಕ್ಕಳು ಬಂದರು. ಜನವರಿಯಿಡೀ ಶಾಲೆ ಬೆಚ್ಚಗಿತ್ತು, ಕೈಗವಸು ಬಿಚ್ಚಿ ಬರೆದರು. ಅದನ್ನು ನೋಡಿ ನಾನು ಏನು ಅಂದುಕೊಂಡೆ ಗೊತ್ತಾ? ಗೋಡೆ ನನ್ನನ್ನು ಕ್ಷಮಿಸಿತು ಅಂದುಕೊಂಡೆ. ಫೆಬ್ರವರಿಯಲ್ಲಿ ವಾಸನೆ ಶುರುವಾಯಿತು, ಉತ್ತರದ ಗೋಡೆಯಲ್ಲಿ ಮೊದಲು ಹಳದಿ, ಆಮೇಲೆ ಕಪ್ಪು. ಗಾರೆ ಕೆತ್ತಿ ನೋಡಿದರೆ ಜೊಂಡಿನ ತುಂಬ ಬೂಷ್ಟು. ಆ ಗೋಡೆಗೆ ಒರಗಿದ ಬೆಂಚಿನಲ್ಲಿ ಕೂರುತ್ತಿದ್ದವಳು ಪೆರೀನ್. ಮಾರ್ಚ್‌ನಲ್ಲಿ ಉಸಿರು ಕಟ್ಟಿ ಮಗು ಹತ್ತು ದಿನ ಆಸ್ಪತ್ರೆಯಲ್ಲಿತ್ತು. ಆರು ವರ್ಷದ ಮಗು.

ಏಪ್ರಿಲ್‌ನಲ್ಲಿ ಇನ್ಸ್‌ಪೆಕ್ಟರ್ ಬಂದ. ಮೇಯರ್ ಕಚೇರಿಯಲ್ಲಿ ಎಲ್ಲರನ್ನೂ ಕೂರಿಸಿ, ಇಷ್ಟು ಹಸಿ ಉಳಿದಿದೆಯೆಂದರೆ ಗಂಜಿಯಲ್ಲೇ ನೀರು ಹೆಚ್ಚಿರಬೇಕು, ತೊಟ್ಟಿ ಯಾರ ಕೈಯಲ್ಲಿತ್ತು ಎಂದು ಕೇಳಿದ. ‘ನನ್ನ ಕೈಯಲ್ಲಿ’ ಎಂದೆ ನೀನು. ‘ನೀರು ಹೆಚ್ಚಾಗಿತ್ತಾ?’ ಎಂದ. ನೀನು ‘ಇರಬಹುದು’ ಎಂದೆ. ಅವನು ಬರೆದುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಅದನ್ನೂ ಮಾಡಲಿಲ್ಲ. ಕೈ ಕಟ್ಟಿಕೊಂಡು ನನ್ನ ಬೂಟು ನೋಡುತ್ತ ಕೂತಿದ್ದೆ. ನೀನು ಯಾಕೆ ‘ಇರಬಹುದು’ ಎಂದೆ ಎಂದು ಆಗ ನನಗೆ ಅರ್ಥವಾಗಲಿಲ್ಲ. ವಯಸ್ಸಾಯಿತು, ತನ್ನ ಕೈಯ ಮೇಲೆ ತನಗೇ ಅನುಮಾನ ಬಂದಿದೆ ಎಂದುಕೊಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ನಿರಾಳವಾಯಿತು.

ಆಮೇಲೆ ನಿನ್ನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಬೇಕರಿಯಲ್ಲಿ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಜೂನ್‌ನಲ್ಲಿ ನೀನು ಒಂದು ಚೀಲ ಹಿಡಿದು ಹೊರಟೆ. ಅವಮಾನಕ್ಕೆ ಹೊರಟ ಎಂದುಕೊಂಡೆ. ಊರವರಿಗೂ ಹಾಗೇ ಹೇಳಿದೆ.

ಈಗ ಇದೆಲ್ಲ ಯಾಕೆ ಎಂದರೆ, ಇಸಲೀನ್ ಎಂಬ ಹುಡುಗಿ. ಇಪ್ಪತ್ತೇಳು ವರ್ಷ, ನಮ್ಮ ಪಕ್ಕದೂರಿನ ಶಿಶುವಿಹಾರಕ್ಕೆ ಜೊಂಡುಮಣ್ಣು ತುಂಬುತ್ತಿರುವ ಮೇಸ್ತ್ರಿ. ಈ ಕೆಲಸವನ್ನು ಕಾನೂನು ಒಪ್ಪಬೇಕಾದರೆ ಲಿಖಿತ ನಿಯಮ ಬೇಕಂತೆ, ಮೇಸ್ತ್ರಿಗಳು ಸೇರಿ ಪುಸ್ತಕ ಮಾಡುತ್ತಿದ್ದಾರೆ. ಅದರ ಕರಡು ತಂದು ತೋರಿಸಿದಳು. ನಮ್ಮ ಶಾಲೆಗೆ ಅದರಲ್ಲಿ ಅರ್ಧ ಪುಟ ಕೊಟ್ಟಿದ್ದಾರೆ: ‘ವೈಫಲ್ಯಕ್ಕೆ ಕಾರಣ ಗಂಜಿಯಲ್ಲಿ ಅತಿಯಾದ ನೀರು.’ ಕೆಳಗೆ ನಿಯಮ: ಗಂಜಿ ಗಟ್ಟಿಯಾಗಿರಬೇಕು, ಒಣಗಲು ಎಂಟು ವಾರ ಸಾಕು.

ಎಂಟು ವಾರ! ಒಂದು ಗೇಣು ದಪ್ಪಕ್ಕೆ, ಒಂದೇ ಮೈಯಿಂದ ಒಣಗುವ ಗೋಡೆಗೆ! ನಮ್ಮದು ಹತ್ತು ವಾರವಾದ ಮೇಲೂ ತೊಟ್ಟಿಕ್ಕುತ್ತಿತ್ತು. ಅವಳು ಜುಲೈನಲ್ಲಿ ಗಾರೆ ಬಳಿಯಲಿದ್ದಳು, ಸೆಪ್ಟೆಂಬರ್‌ನಲ್ಲಿ ಕೂಸುಗಳು ಬರುವುದಿತ್ತು. ಕೋಲು ಒಣಗುವವರೆಗೆ ಬಳಿಯಬೇಡ ಎಂದೆ. ‘ಯಾಕೆ ಮೇಡಂ? ನಿಮ್ಮ ಶಾಲೆ ಹಾಳಾಗಿದ್ದು ನೀರಿಂದ ತಾನೆ? ನಾವು ನೀರು ಕಮ್ಮಿ ಹಾಕಿದ್ದೀವಲ್ಲ’ ಎಂದಳು. ಬಿಸಿತುಪ್ಪ ನುಂಗಲೂ ಆಗದು, ಉಗುಳಲೂ ಆಗದು. ನಿನ್ನ ಮೇಲೆ ಹೊರಿಸಿದ ಸುಳ್ಳು ಆರು ವರ್ಷ ಸುಮ್ಮನೆ ಮಲಗಿರಲಿಲ್ಲ, ಪುಸ್ತಕ ಸೇರಿ ಇನ್ನೊಂದು ಗೋಡೆ ಕಟ್ಟುತ್ತಿದೆ.

ಮಾತು ತಪ್ಪಿಸಲು ಅವಳಿಗೆ ಹಳೆಯ ಸಾಮಾನು ತೋರಿಸುತ್ತೇನೆಂದು ನಿನ್ನ ಪೆಟ್ಟಿಗೆ ಇಳಿಸಿದೆ. ನೀನು ಹೋದ ದಿನ ನನ್ನ ಕೆಲಸದ ಮೇಜಿನ ಮೇಲೆ ಬಿಟ್ಟುಹೋಗಿದ್ದ ಕೋಲಿನ ಕಟ್ಟು ಅದರಲ್ಲಿತ್ತು. ಎಂಟೂ ಕೋಲು, ಸುತ್ತ ಹುರಿ. ಆವತ್ತು ಸಿಟ್ಟಿನಿಂದ ನೋಡದೆ ಪೆಟ್ಟಿಗೆಯೊಳಗೆ ಎಸೆದಿದ್ದೆ. ಇಸಲೀನ್ ಬಿಚ್ಚಿ ಒಂದೊಂದಾಗಿ ಹರವಿದಳು. ಆಮೇಲೆ ಅವಳು ನಗುತ್ತ ಹೇಳಿದ ಮಾತು ಕೇಳು: ‘ನಿಮ್ಮ ಯಜಮಾನ್ರೂ ನನ್ನ ಹಾಗೆ ಎಡಚರಾ ಮೇಡಂ? ನೋಡಿ, ಗೀಟೆಲ್ಲ ಈ ಕಡೆ ವಾಲಿದೆ. ಇದೊಂದು ಮಾತ್ರ ಯಾರೋ ಬಲಗೈಯವರು ಕೆತ್ತಿರೋದು.’

ಐದನೆಯದು.

ನಾನು ಗೀಟು ಎಣಿಸಿದ್ದೆ, ಆನ್ಸೆಲ್ಮ್. ವಾಲಿದ ಕಡೆ ನೋಡಿರಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಮೇಜಿನಲ್ಲಿ ನಿನ್ನ ಎಡಗೈ ನನ್ನ ಬಲಗೈಗೆ ತಾಗಿ ಸೂಪು ಚೆಲ್ಲುತ್ತಿತ್ತು, ಜಾಗ ಬದಲಿಸಿಕೊಂಡು ಕೂತೆವು, ಆದರೂ ನನಗೆ ಹೊಳೆಯಲಿಲ್ಲ. ನಿನ್ನ ಹೆಬ್ಬೆರಳಿಗೆ ಆ ಕ್ಷಣವೇ ಗೊತ್ತಾಗಿತ್ತು.

ಆ ಹುಡುಗಿ ಹೋದ ಮೇಲೆ ನೆಲದ ಮೇಲೆ ಕೂತು ಆ ಚಳಿಗಾಲವನ್ನು ಮತ್ತೆ ಮೊದಲಿನಿಂದ ನೆನೆದೆ. ಡಿಸೆಂಬರ್‌ನಲ್ಲಿ ಒಂದು ಸಂಜೆ ಊಟಕ್ಕೆ ಕೂತಾಗ ನೀನು, ‘ನಂಗೆ ಹೇಳೋದು ಏನಾದ್ರೂ ಇದೆಯಾ ಮಾರ್ಸೆಲೀನ್?’ ಎಂದು ಕೇಳಿದ್ದೆ. ‘ಏನಿಲ್ಲ, ಉಪ್ಪು ಈ ಕಡೆ ಕೊಡು’ ಎಂದೆ ನಾನು. ವಾಸನೆ ಶುರುವಾದ ವಾರ ನೀನು ಮತ್ತೆ ಕೇಳಿದೆ. ಆಗ ನಾನು ಏನು ಹೇಳಿದೆ ನೆನಪಿಲ್ಲ, ನಿನಗೆ ನೆನಪಿರುತ್ತದೆ. ಪೆರೀನ್ ಆಸ್ಪತ್ರೆಯಲ್ಲಿದ್ದ ಹತ್ತು ದಿನವೂ ನೀನು ಹೋಗಿ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂರುತ್ತಿದ್ದೆ. ‘ನೀನೇನು ಡಾಕ್ಟ್ರಾ?’ ಎಂದು ನಾನು ಹಂಗಿಸಿದೆ. ನೀನು ಟೋಪಿ ಹಾಕಿಕೊಂಡು ಹೊರಟೆ. ಗೊತ್ತಿದ್ದೂ ‘ಒಣಗಿದೆ’ ಎಂದವನ ಪಾಪ ಎಷ್ಟು ಭಾರ ಅಂತ ಆಗ ನನಗೆ ಹೇಗೆ ಗೊತ್ತಾಗಬೇಕು, ನನ್ನದೇ ನನಗೆ ಭಾರ ಅನ್ನಿಸದಿದ್ದಾಗ?

ನಿಮ್ಮಪ್ಪನ ತುಟಿ ಸುಳ್ಳು ಹೇಳಲಿಲ್ಲ. ನಿನ್ನದೂ ಹೇಳಿರಲಿಲ್ಲ, ಆ ಒಂದು ಬೆಳಿಗ್ಗೆಯವರೆಗೆ. ಹತ್ತು ಊರು ನಂಬಿದ್ದ ಮಾತನ್ನು ನೀನು ನನಗೋಸ್ಕರ ಕಳೆದುಕೊಂಡೆ. ಆಮೇಲೆ ನಾನು ಹೇಳಲಿ ಎಂದು ಏಳು ತಿಂಗಳು ಕಾದೆ. ನಾನು ಹೇಳಲಿಲ್ಲ. ಹೋಗುವಾಗಲೂ ನನ್ನ ಮುಖಕ್ಕೆ ಎಸೆಯದೆ, ಮೇಜಿನ ಮೇಲೆ ಕಟ್ಟಿಟ್ಟು ಹೋದೆ. ನಾನು ಅದನ್ನೂ ನೋಡಲಿಲ್ಲ. ನೀನು ಹೋದದ್ದು ಅವಮಾನಕ್ಕಲ್ಲ, ನನ್ನ ಮೌನಕ್ಕೆ. ನಿನ್ನ ಮೇಲೆ ನನಗೆ ಸಿಟ್ಟೂ ಇದೆ, ಸುಳ್ಳು ಯಾಕೆ ಹೇಳಲಿ. ಆ ಕೋಲನ್ನು ಎಲ್ಲರೆದುರು ಮುರಿದು ನನ್ನ ಕೆನ್ನೆಗೆ ಬಾರಿಸಿದ್ದರೆ ಒಂದು ಮಗು ಚೆನ್ನಾಗಿರುತ್ತಿತ್ತು.

ಈಗ ನಾನು ಮಾಡಲಿರುವುದನ್ನು ಹೇಳಿಬಿಡುತ್ತೇನೆ, ತಡೆಯಬೇಡ. ಇಸಲೀನ್‌ಗೆ ನಿನ್ನೆಯೇ ಹೇಳಿದೆ. ಅವಳು ಕರಡಿನ ಆ ಅರ್ಧ ಪುಟವನ್ನು ಮತ್ತೆ ತೆರೆದು ಓದಿದಳು. ಆಮೇಲೆ, ‘ಹಾಗಾದ್ರೆ ನಿಮ್ಮ ಮಿಶ್ರಣ ಸರಿಯಾಗೇ ಇತ್ತು’ ಎಂದಳು. ಅವಳಿಗೆ ಅದು ಸಂತೋಷದ ಸುದ್ದಿ, ನನಗೆ ಶಿಕ್ಷೆ. ಗಾರೆಯ ಕೆಲಸ ಮುಂದೂಡಿದ್ದಾಳೆ. ನಾಳೆ ಪೆರೀನ್‌ಳ ತಾಯಿಯ ಮನೆಗೆ ಹೋಗುತ್ತೇನೆ. ಪೆರೀನ್‌ಗೆ ಈಗ ಹನ್ನೆರಡು, ಓಡುವಾಗ ಈಗಲೂ ಔಷಧದ ಡಬ್ಬಿ ಜೇಬಿನಲ್ಲಿರುತ್ತದೆ. ಬಾಗಿಲು ಹಾಕಿಕೊಂಡರೆ ಹೊರಗೇ ನಿಂತು ಹೇಳಿ ಬರುತ್ತೇನೆ. ಹದಿನಾಲ್ಕಕ್ಕೆ ಸಭೆ. ಗಂಜಿ ಸರಿಯಿತ್ತು, ಜೊಂಡು ಸರಿಯಿತ್ತು, ತೊಟ್ಟಿಯ ಮೇಸ್ತ್ರಿ ಸರಿಯಿದ್ದ. ಹಸಿಗೋಡೆಗೆ ಗಾರೆ ಬಳಿಸಿದವಳು ನಾನು, ಕೋಲು ಬದಲಿಸಿದವಳು ನಾನು. ಇಷ್ಟನ್ನು ಹೇಳಿ, ಆ ಅರ್ಧ ಪುಟ ಹೊಡೆದು ಹಾಕಿ ಎನ್ನುತ್ತೇನೆ. ಆಮೇಲೆ ನನಗೆ ಯಾರೂ ಕೆಲಸ ಕೊಡದಿದ್ದರೆ ಅದು ನ್ಯಾಯವೇ.

ನಿನಗೆ ಗೊತ್ತಿತ್ತು ಎಂಬುದನ್ನು ಮಾತ್ರ ಹೇಳುವುದಿಲ್ಲ. ಇಸಲೀನ್‌ಗೂ ಹೇಳಿಲ್ಲ. ಅದು ನಿನ್ನದು. ಹೇಳುವುದಿದ್ದರೆ ನೀನು ಹೇಳು, ಬಿಡುವುದಿದ್ದರೆ ಬಿಡು. ನಿನ್ನ ಬಾಯಿಯಿಂದ ಇನ್ನೊಂದು ಮಾತು ನಾನು ಹೊರಡಿಸುವುದಿಲ್ಲ.

ವಾಪಸ್ ಬಾ ಎಂದು ಬರೆಯಲು ಹೊರಟು ಪೆನ್ನು ನಿಂತಿತು. ಇಷ್ಟು ಹೇಳಬಲ್ಲೆ: ಶಿಶುವಿಹಾರದ ಉತ್ತರದ ಗೋಡೆಯಲ್ಲಿ ಇಸಲೀನ್ ಒಂದು ಕೋಲು ಚುಚ್ಚಿಟ್ಟಿದ್ದಾಳೆ. ಅಕ್ಟೋಬರ್‌ನಲ್ಲಿ ಎಳೆಯಬೇಕು. ‘ನೀವೇ ಬಂದು ನೋಡಿ ಹೇಳಿ ಮೇಡಂ’ ಎಂದಳು. ನನ್ನ ತುಟಿಯ ಮೇಲೆ ನನಗೆ ನಂಬಿಕೆಯಿಲ್ಲ ಎಂದೆ. ಮತ್ತ್ಯಾರು ಎಂದು ಕೇಳಿದಳು. ಸಮುದ್ರದ ಕಡೆ ಒಬ್ಬರಿದ್ದಾರೆ, ಬರುತ್ತಾರೋ ಇಲ್ಲವೋ ಗೊತ್ತಿಲ್ಲ ಎಂದೆ.

ನಿನ್ನ ನೀಲಿ ಸ್ವೆಟರ್‌ಗೆ ಹುಳು ಹಿಡಿದಿತ್ತು, ಮೊಣಕೈ ಹೊಲಿದಿಟ್ಟಿದ್ದೇನೆ. ಸಮುದ್ರದ ಗಾಳಿಗೆ ಬೇಕಾದರೆ ಕಳಿಸುತ್ತೇನೆ.

ಇಂತಿ,
ಇನ್ನೂ ನಿನ್ನ ಹೆಸರನ್ನೇ ಇಟ್ಟುಕೊಂಡಿರುವ
ಮಾರ್ಸೆಲೀನ್

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಮೇಲೆ ಬರೆದದ್ದನ್ನು ಓದಿ ನೋಡಿದೆ. ಪೆರೀನ್‌ಳ ನೀಲಿ ಬೆರಳು, ಮುಚ್ಚಲಿದ್ದ ಶಾಲೆ, ಎಲ್ಲ ನಿಜ. ಓದಿದವರು ಅಯ್ಯೋ ಪಾಪ, ಮಕ್ಕಳಿಗಾಗಿ ಮಾಡಿದಳು ಎನ್ನುತ್ತಾರೆ. ಸಭೆಯಲ್ಲಿ ಹಾಗೇ ಅನ್ನಲಿ ಎಂದು ನನಗೂ ಆಸೆಯಿತ್ತು. ಆದರೆ ಕೋಲು ಬದಲಿಸಿದ್ದು ಮಕ್ಕಳಿಗಾಗಿ ಅಲ್ಲ. ಆ ಊಟದ ದಿನ ನೀನು ‘ಈಸ್ಟರ್‌ಗೆ ಒಣಗಿದ್ರೆ ಪುಣ್ಯ’ ಎಂದೆಯಲ್ಲ, ಎಲ್ಲರೂ ಮೇಜು ಬಡಿದು ನಕ್ಕರಲ್ಲ. ಒಂಬತ್ತನೆಯ ತಾರೀಕು ಬೆಳಿಗ್ಗೆ ಕೋಲು ತುಟಿಗೆ ತಾಗಿದಾಗ ನನಗೆ ಮಕ್ಕಳ ನೆನಪಾಗಲಿಲ್ಲ. ನೀನು ಹೇಳಿದ್ದೇ ಸರಿ ಎಂದು ಗೊತ್ತಾಯಿತು, ಅದೊಂದನ್ನು ತಡೆದುಕೊಳ್ಳಲು ಆಗಲಿಲ್ಲ. ಅಷ್ಟೇ ಕಾರಣ. ಸಭೆಯಲ್ಲಿ ಇದನ್ನೂ ಹೇಳುತ್ತೇನೆ.

ನಿಜವಾದ ಐದನೆಯದನ್ನು ಈ ಪತ್ರದ ಜೊತೆ ಕಟ್ಟಿದ್ದೇನೆ. ಇಷ್ಟು ದಿನ ಅಡುಗೆಮನೆಯ ತೊಲೆಯ ಹಿಂದೆ ಇತ್ತು. ಗೀಟುಗಳು ನಿನ್ನವೇ, ಹೆಬ್ಬೆರಳಿಗೆ ಗೊತ್ತಾಗುತ್ತದೆ. ತುದಿಯಲ್ಲಿ ಬೂಷ್ಟಿನ ಕಲೆಯಿದೆ, ಒರೆಸಿಲ್ಲ.